ಅಪ್ಪನ ರಿಪೋರ್ಟಿನಲ್ಲಿ ನಾಲ್ಕು ಜೀನ್‌ಗಳ ಹೆಸರು ಬಂದಿದೆ, ಇದು ನಮಗೂ ಬರುತ್ತಾ?

ತೋಟದಮನೆ_ಮಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಾಕ್ಟರುಗಳು, ಲ್ಯಾಬಿನವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮ ಅಪ್ಪನಿಗೆ 66 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಜನವರಿಯಲ್ಲಿ ಸಂಜೆ ಹೊತ್ತು ಜ್ವರ ಬರೋಕೆ ಶುರುವಾಯಿತು. ನಮ್ಮ ಕಡೆ ಆ ತಿಂಗಳಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆ ನೋಡುತ್ತಾರೆ. ಅದು ಇಲ್ಲ ಅಂತ ಬಂತು. ಆಮೇಲೆ ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟು ಕಾಣಿಸಿತು. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಮೈಮೇಲೆ ಕೆಂಪು ದದ್ದು, ತುರಿಕೆ. ಸೂಜಿ ಹಾಕಿ ನೋಡಿದ ಟೆಸ್ಟಿನಲ್ಲಿ ಏನೂ ಖಚಿತ ಆಗಲಿಲ್ಲ. ಟಿಬಿ ಇರಬೇಕು ಅಂತ ಒಂದು ಕಡೆ ಮಾತ್ರೆ ಕೊಟ್ಟರು, ಎರಡು ತಿಂಗಳು ನುಂಗಿದರು. ಗಂಟು ಕರಗಲಿಲ್ಲ, ತೂಕ ಮಾತ್ರ 9 ಕೆಜಿ ಇಳಿಯಿತು. ಕೊನೆಗೆ ನಾನೇ ಬೆಂಗಳೂರಿಗೆ ಕರೆದುಕೊಂಡು ಬಂದೆ. ಇಲ್ಲಿ ಕಂಕುಳಿನ ಒಂದು ಗಂಟನ್ನು ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸಿದರು.

ಬಂದ ಹೆಸರು ಆಂಜಿಯೋಇಮ್ಯುನೋಬ್ಲಾಸ್ಟಿಕ್ ಟಿ ಸೆಲ್ ಲಿಂಫೋಮಾ, ಅಂದರೆ ಟಿ ಕೋಶ ಅನ್ನುವ ಒಂದು ಬಗೆಯ ಬಿಳಿ ರಕ್ತಕಣದ ಕ್ಯಾನ್ಸರ್ ಅಂತೆ. ಜೊತೆಗೆ ಜೀನ್ ಟೆಸ್ಟ್ ಕೂಡ ಮಾಡಿಸಿದೆವು. ಅದರಲ್ಲಿ ಹೀಗಿದೆ: ಟೆಟ್‌2 ಎರಡು ಕಡೆ ಮ್ಯುಟೇಶನ್ (ಜೀನಿನಲ್ಲಿ ಬದಲಾವಣೆ), 38% ಮತ್ತು 35%. ಡಿಎನ್‌ಎಂಟಿ3ಎ, ಆರ್882ಎಚ್, 33%. ರೋಎ, ಜಿ17ವಿ, 9%. ಐಡಿಎಚ್‌2, ಆರ್172ಕೆ, 8%. ಇನ್ನೊಂದು ಕಾಗದದಲ್ಲಿ ಇಬಿವಿ ವೈರಸ್ ಪಾಸಿಟಿವ್ ಅಂತಲೂ ಇದೆ.

ಡಾಕ್ಟರ್ ಒಳ್ಳೆಯವರು, ಆದರೆ ಹೊರಗಡೆ ಅಷ್ಟು ಜನ ಕಾಯುತ್ತಿರುವಾಗ ಇದನ್ನೆಲ್ಲ ಕೇಳೋಕೆ ಆಗಲಿಲ್ಲ. "ಜೀನ್" ಅಂತ ಕೇಳಿದ್ದೇ ಅಣ್ಣ ಗಾಬರಿಯಾಗಿದ್ದಾನೆ, ಅವನಿಗೆ ಇಬ್ಬರು ಚಿಕ್ಕ ಮಕ್ಕಳು. ಎಲ್ಲೋ ಓದಿದನಂತೆ, 50%ಗೆ ಹತ್ತಿರ ಇದ್ದರೆ ಅದು ವಂಶದಿಂದ ಬಂದದ್ದು ಅಂತ. 38 ಅಂದರೆ ಹತ್ತಿರವೇ ಅಲ್ವಾ? ಮನೆಯಲ್ಲಿ ದೊಡ್ಡಮ್ಮ ವೈರಸ್ ಅಂತ ಕೇಳಿ ಅಪ್ಪನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಅಪ್ಪ ಏನೂ ಹೇಳಲ್ಲ, ಸುಮ್ನೆ ಅದರಲ್ಲೇ ಊಟ ಮಾಡುತ್ತಾರೆ. ಅದನ್ನು ನೋಡೋಕೆ ಆಗುತ್ತಿಲ್ಲ.

ಅಪ್ಪ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಮೈಲುತುತ್ತ ಸುಣ್ಣ ತಾವೇ ಕಲಸಿ ಕೊಡುತ್ತಿದ್ದರು, ಮೂವತ್ತು ವರ್ಷದಿಂದ. ಅದರಿಂದ ಬಂತಾ? ಟಿಬಿ ಮಾತ್ರೆ ಅಂತ ಎರಡು ತಿಂಗಳು ಕಳೆದದ್ದು ನಮ್ಮ ತಪ್ಪಾ? ಇಷ್ಟು ಜೀನ್ ಗೊತ್ತಾದ ಮೇಲೆ ಅದಕ್ಕೇ ಅಂತ ಮಾತ್ರೆ ಇರಲ್ವಾ? ಮುಂಬೈ ಐಐಟಿಯವರ ಕಾರ್ ಟಿ ಚಿಕಿತ್ಸೆ ಬಗ್ಗೆ ಅಣ್ಣ ದಿನಾ ಕೇಳುತ್ತಾನೆ. ಯಾರಾದರೂ ಬಿಡಿಸಿ ಹೇಳಿ.

---

ಗಾಜಿನ_ಸ್ಲೈಡು

ನಾನು ಪ್ಯಾಥಾಲಜಿಸ್ಟ್, ದಿನಾ ಲಿಂಫೋಮಾ ಸ್ಲೈಡುಗಳನ್ನೇ ನೋಡುವ ಕೆಲಸ. ನಿಮ್ಮ ತಂದೆಯ ಸ್ಲೈಡ್ ನಾನು ನೋಡಿಲ್ಲ, ಆದ್ದರಿಂದ ಚಿಕಿತ್ಸೆಯ ಮಾತು ನಿಮ್ಮ ಡಾಕ್ಟರದ್ದೇ. ಈ ಅಂಕಿಗಳ ಅರ್ಥ ಮಾತ್ರ ಹೇಳುತ್ತೇನೆ.

ಮೊದಲು ತಟ್ಟೆಯ ವಿಷಯ. ಇವತ್ತೇ ದೊಡ್ಡಮ್ಮನಿಗೆ ಹೇಳಿ, ಎಲ್ಲರ ಜೊತೆ ಅದೇ ತಟ್ಟೆಯಲ್ಲಿ ಊಟ ಹಾಕಲಿ. ಇಬಿವಿ ವೈರಸ್ ನಿಮ್ಮ ಮೈಯಲ್ಲೂ ಇದೆ, ದೊಡ್ಡಮ್ಮನ ಮೈಯಲ್ಲೂ ಇದೆ ಅಂತಲೇ ಇಟ್ಟುಕೊಳ್ಳಿ, ಬಹುತೇಕ ಎಲ್ಲ ದೊಡ್ಡವರಲ್ಲೂ ಚಿಕ್ಕಂದಿನಲ್ಲೇ ಬಂದು ಸುಮ್ಮನೆ ಮಲಗಿರುತ್ತದೆ. ಈ ಕಾಯಿಲೆಯಲ್ಲಿ ಆ ವೈರಸ್ ಕಾಣುವುದು ಸಾಮಾನ್ಯವಾಗಿ ಕ್ಯಾನ್ಸರ್ ಆದ ಟಿ ಕೋಶದಲ್ಲಿ ಅಲ್ಲ, ಪಕ್ಕದಲ್ಲಿರುವ ಬಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಲ್ಲಿ. ರೋಗನಿರೋಧಕ ಶಕ್ತಿ ಏರುಪೇರಾದಾಗ ಮಲಗಿದ್ದದ್ದು ಎದ್ದಿದೆ, ಅಷ್ಟೇ. ವೈರಸ್‌ನಿಂದಲೇ ಬರುವ ಟಿ ಸೆಲ್ ಕ್ಯಾನ್ಸರ್ ಬೇರೆ ಒಂದಿದೆ. ಎಚ್‌ಟಿಎಲ್‌ವಿ-1 ಅನ್ನುವ ವೈರಸ್, ದಕ್ಷಿಣ ಜಪಾನಿನಲ್ಲಿ ಜಾಸ್ತಿ, ತಾಯಿಯ ಹಾಲಿನಿಂದ ಮಗುವಿಗೆ ದಾಟುತ್ತದೆ. ನಿಮ್ಮ ತಂದೆಯದು ಅದಲ್ಲ.

ಈಗ ಅಣ್ಣನ ಪ್ರಶ್ನೆ. ಅವರು ಓದಿದ್ದರಲ್ಲಿ ಅರ್ಧ ಸರಿ ಇದೆ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ. ರಿಪೋರ್ಟಿನ ಶೇಕಡಾ ಅಂದರೆ ಆ ಪ್ರತಿಗಳಲ್ಲಿ ಎಷ್ಟು ಪಾಲು ಕೆಟ್ಟಿವೆ ಅನ್ನುವ ಲೆಕ್ಕ. ಅಪ್ಪ ಅಮ್ಮನಿಂದ ಬಂದ ಮ್ಯುಟೇಶನ್ ಆದರೆ ಮೈಯ ಪ್ರತಿ ಕೋಶದಲ್ಲೂ ಎರಡರಲ್ಲಿ ಒಂದು ಪ್ರತಿ ಕೆಟ್ಟಿರುತ್ತದೆ, ಅದಕ್ಕೇ 50ರ ಆಸುಪಾಸು ಬರುತ್ತದೆ. ಹಾಗಂತ 50ಕ್ಕೆ ಹತ್ತಿರ ಇದ್ದದ್ದೆಲ್ಲ ವಂಶದ್ದಲ್ಲ. 38% ಅಂದರೆ ಆ ಗಂಟಿನ ಸುಮಾರು ಮುಕ್ಕಾಲು ಪಾಲು ಕೋಶಗಳಲ್ಲಿ ಆ ಬದಲಾವಣೆ ಇದೆ ಅಂತ. 9% ಅಂದರೆ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ ಕೋಶಗಳಲ್ಲಿ. ಒಂದೇ ಗಂಟಿನಲ್ಲಿ ಯಾಕೆ ಹೀಗೆ ಎರಡು ಗುಂಪು? ಈ ಕಾಯಿಲೆಯ ಕಥೆಯೆಲ್ಲ ಅಲ್ಲೇ ಇದೆ.

ನಿಮ್ಮ ಮನೆಯಂಗಳದಲ್ಲಿ ಹಲಸಿನ ಮರ ಇದೆ ಅಂದುಕೊಳ್ಳಿ. ಬುಡದಲ್ಲಿ ಒಂದು ಬದಲಾವಣೆ ಆದರೆ ಅದು ಎಲ್ಲ ಕೊಂಬೆಗೂ ಹೋಗುತ್ತದೆ. ತುದಿಯ ರೆಂಬೆಯಲ್ಲಿ ಆದದ್ದು ಆ ರೆಂಬೆಯಲ್ಲೇ ಉಳಿಯುತ್ತದೆ. ಟೆಟ್‌2, ಡಿಎನ್‌ಎಂಟಿ3ಎ ಮ್ಯುಟೇಶನ್ ಬುಡದಲ್ಲಿ ಆದವು, ಅಂದರೆ ಮೂಳೆಮಜ್ಜೆಯ ಒಂದು ಸ್ಟೆಮ್ ಸೆಲ್‌ನಲ್ಲಿ, ಬಹುಶಃ ಎಷ್ಟೋ ವರ್ಷಗಳ ಹಿಂದೆ. ಆ ಸ್ಟೆಮ್ ಸೆಲ್‌ನಿಂದ ಹುಟ್ಟಿದ ಟಿ ಕೋಶ, ಬಿ ಕೋಶ, ಇತರ ಬಿಳಿ ರಕ್ತಕಣ ಎಲ್ಲದರಲ್ಲೂ ಅವು ಇರುತ್ತವೆ. ವಯಸ್ಸಾದಂತೆ ಇಂಥ ಗುಂಪುಗಳು ರಕ್ತದಲ್ಲಿ ಬೆಳೆಯುವುದು ಮಾಮೂಲು. 70 ದಾಟಿದವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮಂದಿಗೆ ಇರುತ್ತದೆ ಅಂತ 2014ರಲ್ಲೇ ದೊಡ್ಡ ಅಧ್ಯಯನಗಳು ತೋರಿಸಿದವು. ಅವರಲ್ಲಿ ಬಹುಪಾಲು ಜನರಿಗೆ ಲಿಂಫೋಮಾ ಬರುವುದೇ ಇಲ್ಲ.

ರೋಎ ಮತ್ತು ಐಡಿಎಚ್‌2 ತುದಿಯ ರೆಂಬೆಯವು. ಆ ಗುಂಪಿನಲ್ಲಿ ಹುಟ್ಟಿದ ಒಂದು ಟಿ ಕೋಶದಲ್ಲಿ ಆಮೇಲೆ ಆದವು. ಅಲ್ಲಿಂದ ಮುಂದೆ ಅದು ಕ್ಯಾನ್ಸರ್ ಆಯಿತು. ಹಾಗಾಗಿ ರೋಎಯ 9% ನಿಮಗೆ ನಿಜವಾದ ಕ್ಯಾನ್ಸರ್ ಕೋಶ ಎಷ್ಟಿದೆ ಅಂತ ಹೇಳುತ್ತಿದೆ, ಟೆಟ್‌2ನ 38% ಆ ಹಳೆಯ ಬುಡ ಎಷ್ಟು ಹರಡಿದೆ ಅಂತ ಹೇಳುತ್ತಿದೆ.

ಇದು ಯಾವುದೂ ಬೀಜಕ್ಕೆ ಹೋಗಿಲ್ಲ. ರಕ್ತದ ಕೋಶದಲ್ಲಿ ಆದ ಬದಲಾವಣೆ ಮಕ್ಕಳಿಗೆ ದಾಟುವುದಿಲ್ಲ. ಡಿಎನ್‌ಎಂಟಿ3ಎಯ ಈ ಆರ್882 ಜಾಗ ರಕ್ತದಲ್ಲಿ ಪದೇ ಪದೇ ಕೆಡುವ ಜಾಗ. ಅಪರೂಪಕ್ಕೆ ಹುಟ್ಟಿನಿಂದಲೇ ಇದ್ದರೆ ಬಾಲ್ಯದಲ್ಲೇ ಅತಿ ಎತ್ತರ, ಕಲಿಕೆಯಲ್ಲಿ ತೊಂದರೆ ಹೀಗೆ ಬೇರೆ ಲಕ್ಷಣ ಕಾಣುತ್ತದೆ. ಅಷ್ಟಾಗಿಯೂ ಅಣ್ಣನಿಗೆ ಸಮಾಧಾನ ಆಗದಿದ್ದರೆ ರಕ್ತ ಬಿಟ್ಟು ಬೇರೆ ಕಡೆಯ ಕೋಶದಲ್ಲಿ, ಉಗುರು ಅಥವಾ ಚರ್ಮದಲ್ಲಿ, ಟೆಸ್ಟ್ ಮಾಡಬಹುದಾ ಅಂತ ಕೇಳಿ. ಮಕ್ಕಳಿಗೆ ಯಾವ ಟೆಸ್ಟೂ ಬೇಡ. ಆ ದುಡ್ಡು ಅಪ್ಪನ ಚಿಕಿತ್ಸೆಗೆ ಇರಲಿ.

ಟಿಬಿ ಮಾತ್ರೆಯ ಎರಡು ತಿಂಗಳ ಬಗ್ಗೆ. ನಿಮ್ಮ ತಪ್ಪಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಸ್ಲೈಡ್ ನೋಡುವವಳಾಗಿ ಹೇಳುತ್ತಿದ್ದೇನೆ. ಈ ಲಿಂಫೋಮಾದ ಗಂಟಿನಲ್ಲಿ ಕ್ಯಾನ್ಸರ್ ಕೋಶ ಅಲ್ಪಸಂಖ್ಯಾತ. ಸುತ್ತ ಬಿ ಕೋಶ, ಪ್ಲಾಸ್ಮಾ ಕೋಶ, ಇಯೋಸಿನೋಫಿಲ್, ಹೊಸದಾಗಿ ಚಿಗುರಿದ ರಕ್ತನಾಳಗಳು, ಜಾತ್ರೆಯಷ್ಟು ಗದ್ದಲ. ಸೂಜಿಯಲ್ಲಿ ಬಂದ ನಾಲ್ಕು ಹನಿಯಲ್ಲಿ ಅದನ್ನು ಹಿಡಿಯುವುದು ತುಂಬಾ ಕಷ್ಟ. ನಮ್ಮ ದೇಶದಲ್ಲಿ ಗಂಟು, ಜ್ವರ, ತೂಕ ಇಳಿಕೆ ಮೂರೂ ಸೇರಿದರೆ ಯಾವ ಡಾಕ್ಟರಿಗಾದರೂ ಮೊದಲು ಟಿಬಿಯೇ ನೆನಪಾಗುತ್ತದೆ. ಆದರೆ ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಟಿಬಿ ಅಂತ ಸಾಬೀತಾಗದೆ ಮಾತ್ರೆ ಶುರುವಾಗಿ, ಗಂಟು ಕರಗದೇ ಇದ್ದರೆ, ಇಡೀ ಗಂಟನ್ನು ತೆಗೆದು ನೋಡಿ ಅಂತ ಕೇಳಿ. ಸೂಜಿ ಟೆಸ್ಟನ್ನೇ ಮತ್ತೆ ಮತ್ತೆ ಮಾಡಿಸುತ್ತಾ ಕೂರಬೇಡಿ.

ದದ್ದು ಯಾಕೆ ಬಂತು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಕ್ಯಾನ್ಸರ್ ಆದದ್ದು ಟಿ ಫಾಲಿಕ್ಯುಲರ್ ಹೆಲ್ಪರ್ ಅನ್ನುವ ಜಾತಿಯ ಟಿ ಕೋಶ. ಅದರ ಕೆಲಸವೇ ಬಿ ಕೋಶಗಳನ್ನು ಹುರಿದುಂಬಿಸಿ ಆಂಟಿಬಾಡಿ ಮಾಡಿಸುವುದು. ಅದು ಹದ್ದು ಮೀರಿದಾಗ ಬೇಡದ ಆಂಟಿಬಾಡಿಗಳು ಸುರಿಯುತ್ತವೆ. ರಕ್ತದಲ್ಲಿ ಗ್ಲೋಬ್ಯುಲಿನ್ (ಆಂಟಿಬಾಡಿಗಳು ಸೇರಿರುವ ಪ್ರೋಟೀನು) ಏರುತ್ತದೆ, ಕೆಂಪು ರಕ್ತಕಣದ ಮೇಲೆ ಆಂಟಿಬಾಡಿ ಕೂತಿದೆಯಾ ಅಂತ ನೋಡುವ ಕೂಂಬ್ಸ್ ಟೆಸ್ಟ್ ಪಾಸಿಟಿವ್ ಬರಬಹುದು, ಮೈಮೇಲೆ ದದ್ದು ಏಳುತ್ತದೆ, ಕೀಲು ನೋಯುತ್ತದೆ. ತಂದೆಯ ಹಳೆಯ ರಕ್ತ ರಿಪೋರ್ಟಿನಲ್ಲಿ ಗ್ಲೋಬ್ಯುಲಿನ್ ಜಾಸ್ತಿ ಇತ್ತಾ ನೋಡಿ.

ಈ ಜೀನ್ ಟೆಸ್ಟ್‌ನ ದೊಡ್ಡ ಉಪಯೋಗ ರೋಗ ಗುರುತಿಸುವುದರಲ್ಲೇ ಆಗಿದೆ. ರೋಎ ಜಿ17ವಿ ಅಂದರೆ ಆ ಪ್ರೋಟೀನಿನ 17ನೇ ಜಾಗದಲ್ಲಿ ಗ್ಲೈಸಿನ್ ಬದಲು ವ್ಯಾಲಿನ್ ಕೂತಿದೆ. ಒಂದೇ ಅಕ್ಷರದ ವ್ಯತ್ಯಾಸ. 2014ರಲ್ಲಿ ಜಪಾನ್, ಅಮೆರಿಕ, ಕೊರಿಯಾದ ಮೂರು ತಂಡಗಳು ಬೇರೆ ಬೇರೆಯಾಗಿ ಇದನ್ನೇ ಕಂಡುಕೊಂಡವು. ಈ ಕಾಯಿಲೆಯವರಲ್ಲಿ ನೂರಕ್ಕೆ 50ರಿಂದ 70 ಜನರಲ್ಲಿ ಸಿಗುತ್ತದೆ. ಸ್ಲೈಡಿನಲ್ಲಿ ಅನುಮಾನ ಇದ್ದಾಗ ಇದು ಸಿಕ್ಕಿದರೆ ನಮಗೆ ಧೈರ್ಯ ಬರುತ್ತದೆ.

ಮೈಲುತುತ್ತದ ಬಗ್ಗೆ ಚಿಕ್ಕದಾಗಿ: ಅದರಿಂದ ಈ ಲಿಂಫೋಮಾ ಬರುತ್ತದೆ ಅಂತ ತೋರಿಸಿದ ಪುರಾವೆ ಇಲ್ಲ. ವಯಸ್ಸಾದಂತೆ ಕೋಶಗಳು ಒಡೆದು ಎರಡಾಗುವಾಗ ಆಗುವ ನಕಲು ತಪ್ಪುಗಳೇ ಇಂಥ ಮ್ಯುಟೇಶನ್‌ಗೆ ಸಾಕು. ಅಪ್ಪ ತೋಟ ಮಾಡಿದ್ದಕ್ಕೆ ಇದು ಬಂತು ಅಂತ ಮನೆಯಲ್ಲಿ ಯಾರೂ ಹೇಳದಿರಲಿ, ವಿಶೇಷವಾಗಿ ಅವರ ಎದುರಿಗೆ.

---

ಬೆಟ್ಟದ_ನೆಲ್ಲಿ

ತಂಗೀ, ಓದಿ ಸಂಕಟ ಆಯಿತು. ಒಂದು ವಿಷಯ ಹೇಳುತ್ತೇನೆ, ತಪ್ಪಾದರೆ ಡಾಕ್ಟರುಗಳು ತಿದ್ದಲಿ. ಟೆಟ್‌2 ಕೆಲಸ ಮಾಡೋಕೆ ವಿಟಮಿನ್ ಸಿ ಬೇಕು ಅಂತ ಓದಿದ್ದೆ. ನಮ್ಮ ನೆಲ್ಲಿಕಾಯಿಯಲ್ಲಿ ಅದು ಬೇಕಾದಷ್ಟಿದೆ. ಸಾಗರದ ಕಡೆ ನಾಟಿ ಔಷಧಿ ಕೊಡುವವರೂ ಇದ್ದಾರೆ. ಕೀಮೋ ಜೊತೆ ಅದನ್ನೂ ಕೊಟ್ಟರೆ ನಷ್ಟ ಏನು?

---

ಹುಬ್ಬಳ್ಳಿ_ಅಣ್ಣ

ಅಕ್ಕಾ, ನಮ್ಮ ತಮ್ಮನದು ಬೇರೆ ಟಿ ಸೆಲ್ ಲಿಂಫೋಮಾ, ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಇಂಟರ್ನೆಟ್ಟಿನಲ್ಲಿ "ಟಿ ಸೆಲ್ ಲಿಂಫೋಮಾ" ಅಂತ ಹುಡುಕಿದರೆ ಎಲ್ಲ ಒಟ್ಟಿಗೆ ಬರುತ್ತದೆ. ನಾನು ಮೂರು ರಾತ್ರಿ ನಿದ್ದೆ ಕೆಟ್ಟು ಓದಿದ್ದರಲ್ಲಿ ಮುಕ್ಕಾಲು ಭಾಗ ನಮ್ಮ ತಮ್ಮನಿಗೆ ಸಂಬಂಧವೇ ಇರಲಿಲ್ಲ.

ಅವನಿಗೆ ಆಗ 19 ವರ್ಷ. ಎಎಲ್‌ಕೆ ಪಾಸಿಟಿವ್ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಅಂದರು. ಅದರಲ್ಲಿ ಮ್ಯುಟೇಶನ್ ಅಂದರೆ ಒಂದು ಅಕ್ಷರ ಬದಲಾದದ್ದಲ್ಲ. 2ನೇ ಕ್ರೋಮೋಸೋಮಿನ ತುಂಡೂ 5ನೇ ಕ್ರೋಮೋಸೋಮಿನ ತುಂಡೂ ಮುರಿದು ಅದಲು ಬದಲಾಗಿ ಅಂಟಿಕೊಂಡಿರುತ್ತವೆ. ಹಾಗೆ ಅಂಟಿದ ಜಾಗದಲ್ಲಿ ಎರಡು ಜೀನ್ ಸೇರಿ ಹೊಸ ಪ್ರೋಟೀನು ಹುಟ್ಟಿ ನಿಲ್ಲಿಸದೆ "ಬೆಳೆ, ಬೆಳೆ" ಅಂತ ಹೇಳುತ್ತಿರುತ್ತದೆ. ಡಾಕ್ಟರ್ ಒಂದು ಕಾಗದದ ಮೇಲೆ ಎರಡು ಕಡ್ಡಿ ಬರೆದು ತೋರಿಸಿದ್ದರು, ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಇದನ್ನು 1994ರಲ್ಲಿ ಕಂಡುಹಿಡಿದರಂತೆ. ಆ ಒಂದೇ ಪ್ರೋಟೀನಿನ ಮೇಲೆ ಕಾಯಿಲೆ ನಿಂತಿರುವುದರಿಂದ ಅದನ್ನು ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಕ್ರಿಜೋಟಿನಿಬ್ ಅಂತ, ಕಾಯಿಲೆ ಮರಳಿ ಬಂದ ಮಕ್ಕಳಿಗೂ ಎಳೆ ವಯಸ್ಸಿನವರಿಗೂ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ತಮ್ಮನಿಗೆ ಕೀಮೋ ಮುಗಿದು ಏಳು ತಿಂಗಳಿಗೆ ಮರಳಿ ಬಂತು. ಆ ಮಾತ್ರೆ ಕೊಟ್ಟರು, ಹತ್ತು ದಿನದಲ್ಲಿ ಜ್ವರ ನಿಂತಿತು. ಆಮೇಲೆ ನಮ್ಮ ತಂಗಿಯ ಸ್ಟೆಮ್ ಸೆಲ್ ಕೊಟ್ಟು ಟ್ರಾನ್ಸ್‌ಪ್ಲಾಂಟ್ ಆಯಿತು. ಈಗ ಕೆಲಸಕ್ಕೆ ಹೋಗುತ್ತಾನೆ.

ನಿಮ್ಮ ತಂದೆಯ ಕಾಯಿಲೆಗೆ ಈ ಮಾತ್ರೆ ಆಗಲ್ಲ. ಅದನ್ನೇ ಹೇಳೋಕೆ ಬರೆದೆ. ಯಾರಾದರೂ "ಟಿ ಸೆಲ್‌ಗೆ ಮಾತ್ರೆ ಬಂದಿದೆಯಂತೆ" ಅಂತ ವಾಟ್ಸಾಪಿನಲ್ಲಿ ಕಳಿಸಿದರೆ ಯಾವ ಟಿ ಸೆಲ್ ಅಂತ ಮೊದಲು ನೋಡಿ.

ದುಡ್ಡಿನ ವಿಷಯ, ಆಯುಷ್ಮಾನ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಲ್ಲ ಅಂದರೆ ಈಗಲೇ ಮಾಡಿಸಿ. ಎಲ್ಲ ಔಷಧಿ ಅದರಲ್ಲಿ ಬರಲ್ಲ, ಯಾವುದು ಬರುತ್ತದೆ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ನಾವು ತಡವಾಗಿ ಕೇಳಿ ಕೈಯಿಂದ ತುಂಬಾ ಕಳೆದುಕೊಂಡೆವು.

---

ಇಲಿಮನೆ_ಸಂಶೋಧಕ

ನಾನು ಚಿತ್ರದುರ್ಗದ ಕಡೆಯವನು, ಈಗ ಹೊರದೇಶದ ಒಂದು ಲ್ಯಾಬಿನಲ್ಲಿ ಟಿ ಕೋಶಗಳ ಮೇಲೇ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ಸ್ಲೈಡು ಮೇಡಂ ಹೇಳಿದ್ದಕ್ಕೆ ಮುಂದಿನ ಭಾಗ ಸೇರಿಸುತ್ತೇನೆ: ಈ ನಾಲ್ಕು ಜೀನ್ ಸೇರಿ ಏನು ಮಾಡುತ್ತವೆ, ಮತ್ತು ಇಷ್ಟು ಗೊತ್ತಿದ್ದರೂ ಮಾತ್ರೆ ಯಾಕೆ ಸುಲಭವಾಗಿ ಸಿಗುತ್ತಿಲ್ಲ.

ನಮ್ಮ ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಸಣ್ಣ ಗುರುತುಗಳಿರುತ್ತವೆ. ಯಾವ ಜೀನ್ ತೆರೆಯಬೇಕು, ಯಾವುದು ಮುಚ್ಚಿರಬೇಕು ಅನ್ನುವುದಕ್ಕೆ. ಡಿಎನ್‌ಎಂಟಿ3ಎ ಗುರುತು ಹಾಕುವವ, ಟೆಟ್‌2 ಗುರುತು ಅಳಿಸುವವ. ಇಬ್ಬರೂ ಕೆಟ್ಟರೆ ಕೋಶಕ್ಕೆ ತಾನು ಯಾವ ಹಂತದಲ್ಲಿ ಬೆಳೆದು ನಿಲ್ಲಬೇಕು ಅನ್ನುವುದು ತಪ್ಪಿಹೋಗುತ್ತದೆ. ಐಡಿಎಚ್‌2 ಮಾಮೂಲಾಗಿ ಕೋಶದ ಶಕ್ತಿಯ ಕೆಲಸದಲ್ಲಿರುವ ಎನ್‌ಜೈಮ್. ಆರ್172 ಜಾಗದಲ್ಲಿ ಕೆಟ್ಟಾಗ ಅದು 2-ಹೈಡ್ರಾಕ್ಸಿಗ್ಲುಟರೇಟ್ ಅನ್ನುವ ಬೇಡದ ವಸ್ತು ತಯಾರಿಸುತ್ತದೆ. ಆ ವಸ್ತು ಟೆಟ್ ಗುಂಪಿನ ಎನ್‌ಜೈಮ್‌ಗಳ ಕೈ ಕಟ್ಟುತ್ತದೆ. ಇಲ್ಲೊಂದು ವಿಚಿತ್ರ ಇದೆ. ರಕ್ತದ ಇನ್ನೊಂದು ಕ್ಯಾನ್ಸರ್ ಎಎಂಎಲ್‌ನಲ್ಲಿ ಟೆಟ್‌2 ಕೆಟ್ಟಿದ್ದರೆ ಸಾಮಾನ್ಯವಾಗಿ ಐಡಿಎಚ್ ಕೆಟ್ಟಿರುವುದಿಲ್ಲ, ಒಂದೇ ಕೆಲಸಕ್ಕೆ ಇಬ್ಬರು ಯಾಕೆ ಬೇಕು. ಆದರೆ ನಿಮ್ಮ ತಂದೆಯ ಈ ಲಿಂಫೋಮಾದಲ್ಲಿ ಎರಡೂ ಒಟ್ಟಿಗೇ ಇರುತ್ತವೆ, ಅವರ ರಿಪೋರ್ಟಿನಲ್ಲೂ ಹಾಗೇ ಇದೆ. ಟಿ ಕೋಶದಲ್ಲಿ ಆ ವಸ್ತು ಟೆಟ್‌2 ಬಿಟ್ಟು ಬೇರೆ ಎನ್‌ಜೈಮ್‌ಗಳನ್ನೂ ತಡೆಯುತ್ತಿದೆ ಅನ್ನುವುದು ಒಂದು ವಿವರಣೆ. ನನಗೆ ಈ ಕಾಯಿಲೆಯಲ್ಲಿ ತುಂಬಾ ಕಾಡುವ ವಿಷಯ ಇದೇ.

ರೋಎ ಒಂದು ಸ್ವಿಚ್. ಜಿಟಿಪಿ ಅನ್ನುವ ಅಣು ಹಿಡಿದಾಗ ಆನ್. ಜಿ17ವಿ ಆದ ರೋಎ ಅದನ್ನು ಹಿಡಿಯಲಾರದು. ಅಷ್ಟೇ ಆಗಿದ್ದರೆ ಇನ್ನೊಂದು ಸರಿಯಾದ ಪ್ರತಿ ಕೆಲಸ ಮಾಡುತ್ತಿತ್ತು. ಆದರೆ ಇದು, ಸ್ವಿಚ್ ಒತ್ತಲು ಬರುವ ಪ್ರೋಟೀನುಗಳನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹಾಳಾದ ಬೀಗದಲ್ಲಿ ಕೀ ಸಿಕ್ಕಿಕೊಂಡ ಹಾಗೆ, ಒಳ್ಳೆಯ ಬೀಗ ತೆಗೆಯೋಕೂ ಕೀ ಇಲ್ಲ. ಜೊತೆಗೆ ವ್ಯಾವ್1 ಅನ್ನುವ ಪ್ರೋಟೀನಿನ ಮೂಲಕ ಟಿ ಕೋಶಕ್ಕೆ "ಎಚ್ಚರ, ಶತ್ರು ಬಂದ" ಅನ್ನುವ ಸಂಕೇತವನ್ನು ಜೋರು ಮಾಡುತ್ತದೆ.

ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಟಿ ಕೋಶದಲ್ಲಿ ರೋಎ ಜಿ17ವಿ ಮಾತ್ರ ಹಾಕಿದರೆ ಹೆಲ್ಪರ್ ಕೋಶಗಳು ಹೆಚ್ಚುತ್ತವೆ, ಇಲಿಗೆ ಆಟೋಇಮ್ಯೂನ್ ತರಹದ ತೊಂದರೆ ಬರುತ್ತದೆ. ಟೆಟ್‌2 ಕೂಡ ತೆಗೆದಾಗ ಈ ಲಿಂಫೋಮಾವನ್ನೇ ಹೋಲುವ ಕಾಯಿಲೆ ಬಂತು. 2018ರಲ್ಲಿ ಇಂಥ ಕೆಲಸಗಳು ಪ್ರಕಟವಾದವು. ಎರಡು ಪೆಟ್ಟು ಬೇಕು, ಬುಡಕ್ಕೊಂದು, ರೆಂಬೆಗೊಂದು.

ಈಗ ಮಾತ್ರೆಯ ಮಾತು. ಹುಬ್ಬಳ್ಳಿ ಅಣ್ಣನ ತಮ್ಮನ ಕಾಯಿಲೆಯಲ್ಲಿ ಒಂದು ಪ್ರೋಟೀನು ಅತಿಯಾಗಿ ಕೆಲಸ ಮಾಡುತ್ತಿತ್ತು, ಅದನ್ನು ತಡೆದರೆ ಆಯಿತು. ಇಲ್ಲಿ ಟೆಟ್‌2 ಇಲ್ಲವಾಗಿದೆ, ರೋಎ ಕೆಲಸ ಬಿಟ್ಟಿದೆ. ಇಲ್ಲದ್ದನ್ನು ಮಾತ್ರೆಯಿಂದ ತುಂಬುವುದು ಕಷ್ಟ. ಐಡಿಎಚ್‌2 ತಡೆಯುವ ಎನಾಸಿಡೆನಿಬ್ ಎಎಂಎಲ್‌ಗೆ 2017ರಲ್ಲಿ ಬಂದಿದೆ, ಈ ಕಾಯಿಲೆಗೆ ಒಪ್ಪಿಗೆ ಇಲ್ಲ. ಮೀಥೈಲ್ ಗುರುತು ಕಡಿಮೆ ಮಾಡುವ ಅಜಾಸಿಟಿಡಿನ್ ಮೇಲೆ ತುಂಬಾ ಆಸೆ ಇತ್ತು, ಈಗಲೂ ಇದೆ. ಮರಳಿ ಬಂದ ರೋಗಿಗಳಲ್ಲಿ ಅದರ ಮಾತ್ರೆಯನ್ನು ಬೇರೆ ಔಷಧಿಗಳ ಜೊತೆ ಹೋಲಿಸಿದ ಒರಾಕಲ್ ಅನ್ನುವ ದೊಡ್ಡ ಟ್ರಯಲ್ ಆಯಿತು. ರೋಗ ಹತೋಟಿಯಲ್ಲಿದ್ದ ಕಾಲ ಹೆಚ್ಚಾದಂತೆ ಕಂಡರೂ ಮೊದಲೇ ಹಾಕಿಕೊಂಡಿದ್ದ ಗೆರೆ ದಾಟಲಿಲ್ಲ. ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಯಾರಿಗೆ ಅನ್ನುವುದನ್ನು ಇನ್ನೂ ಹುಡುಕುತ್ತಿದ್ದಾರೆ. ಡಾಸಾಟಿನಿಬ್ ಅನ್ನುವ ಮಾತ್ರೆ ವ್ಯಾವ್1 ಸಂಕೇತವನ್ನು ತಗ್ಗಿಸುತ್ತದೆ, ಇಲಿಗಳಲ್ಲೂ ಜಪಾನಿನ ಬೆರಳೆಣಿಕೆಯ ರೋಗಿಗಳಲ್ಲೂ ನೋಡಿದ್ದಾರೆ. ಅದು ನಮ್ಮಲ್ಲಿ ಬೇರೆ ಕಾಯಿಲೆಗೆ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ಅದಕ್ಕೇ ಕೈಮುಗಿದು ಹೇಳುತ್ತೇನೆ, ಡಾಕ್ಟರ್ ಹೇಳದೆ ತರಬೇಡಿ. ಶ್ವಾಸಕೋಶದ ಸುತ್ತ ನೀರು ತುಂಬಿಸುವ ಔಷಧಿ ಅದು.

ಕಾರ್ ಟಿ ಅಂದರೆ ರೋಗಿಯ ಟಿ ಕೋಶಗಳನ್ನೇ ತೆಗೆದು, ಕ್ಯಾನ್ಸರ್ ಹುಡುಕಿ ಕೊಲ್ಲುವ ಹಾಗೆ ಬದಲಾಯಿಸಿ ವಾಪಸ್ ಕೊಡುವ ಚಿಕಿತ್ಸೆ. ಮುಂಬೈನ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿದೆ, ನಮ್ಮ ದೇಶದ್ದು ಅಂತ ನನಗೂ ಹೆಮ್ಮೆ. ಆದರೆ ಅದು ಸಿಡಿ19 ಅನ್ನುವ ಗುರುತನ್ನು ಹುಡುಕಿಕೊಂಡು ಹೋಗುತ್ತದೆ. ಸಿಡಿ19 ಇರುವುದು ಬಿ ಕೋಶದ ಮೇಲೆ. ನಿಮ್ಮ ತಂದೆಯ ಕ್ಯಾನ್ಸರ್ ಟಿ ಕೋಶದ್ದು. ಟಿ ಕೋಶದ ಮೇಲಿನ ಗುರುತಿಗೆ ಕಾರ್ ಟಿ ಮಾಡಿದರೆ, ಆ ಔಷಧಿಯೂ ಟಿ ಕೋಶವೇ ಆದ್ದರಿಂದ ಅವು ಒಂದನ್ನೊಂದು ಕೊಂದುಕೊಳ್ಳುತ್ತವೆ. ಒಳ್ಳೆಯ ಟಿ ಕೋಶಗಳೂ ಹೋದರೆ ಸಣ್ಣ ಸೋಂಕೂ ತಡೆಯಲಾಗದು. ಬಿ ಕೋಶ ಇಲ್ಲದೆ ಮನುಷ್ಯ ಬದುಕಬಹುದು, ಟಿ ಕೋಶ ಇಲ್ಲದೆ ತುಂಬಾ ಕಷ್ಟ. ಇದನ್ನು ದಾಟುವ ಪ್ರಯತ್ನಗಳು ಟ್ರಯಲ್ ಹಂತದಲ್ಲಿವೆ. ಅಣ್ಣನಿಗೆ ಇದನ್ನು ಹೀಗೇ ಓದಿ ಹೇಳಿ.

ಬೆಟ್ಟದ ನೆಲ್ಲಿಯವರೇ, ನೀವು ಓದಿದ್ದು ಸುಳ್ಳಲ್ಲ. ವಿಟಮಿನ್ ಸಿ ಟೆಟ್ ಎನ್‌ಜೈಮ್‌ಗಳಿಗೆ ನೆರವಾಗುತ್ತದೆ. 2017ರಲ್ಲಿ ಇಲಿಗಳಲ್ಲಿ ತುಂಬಾ ಹೆಚ್ಚಿನ ಪ್ರಮಾಣ ಕೊಟ್ಟು ತೋರಿಸಿದ್ದಾರೆ. ಆದರೆ ಈ ಲಿಂಫೋಮಾ ಇರುವ ಮನುಷ್ಯರಲ್ಲಿ ಅದರಿಂದ ಗುಣ ಆಯಿತು ಅನ್ನುವ ಪುರಾವೆ ಇಲ್ಲ. ನೆಲ್ಲಿಕಾಯಿ ತಂಬುಳಿ ಊಟಕ್ಕೆ ಹಾಕಿಕೊಳ್ಳಲಿ, ಬಾಯಿಗೆ ರುಚಿಯಾದರೂ ಬರುತ್ತದೆ. ದೊಡ್ಡ ಪ್ರಮಾಣದ ಮಾತ್ರೆ, ಕಷಾಯ, ನಾಟಿ ಔಷಧಿ ಮಾತ್ರ ಕೀಮೋ ನಡೆಯುವಾಗ ಬೇಡ. ಕೀಮೋ ಔಷಧಿಗಳಲ್ಲಿ ಹಲವು ಲಿವರ್ ಮೂಲಕವೇ ಹೊರಗೆ ಹೋಗಬೇಕು. ಅಲ್ಲಿ ಏನಾದರೂ ಏರುಪೇರಾದರೆ ಯಾವುದರಿಂದ ಆಯಿತು ಅಂತ ಡಾಕ್ಟರಿಗೂ ಗೊತ್ತಾಗಲ್ಲ, ಕೀಮೋ ಮುಂದಕ್ಕೆ ಹೋಗುತ್ತದೆ.

---

ಬೆಟ್ಟದ_ನೆಲ್ಲಿ

ಅರ್ಥ ಆಯಿತು ಸರ್. ತಂಬುಳಿ ಮಾತ್ರ. ತಂಗೀ, ನಾನು ಹೇಳಿದ ಔಷಧಿ ಬಿಟ್ಟುಬಿಡಿ.

---

ಗಾಜಿನ_ಸ್ಲೈಡು

ಸಂಶೋಧಕರು ಚೆನ್ನಾಗಿ ಬರೆದಿದ್ದಾರೆ. ಡಾಕ್ಟರನ್ನು ಮತ್ತೆ ನೋಡುವಾಗ ಎರಡು ವಿಷಯ ಮರೆಯದೆ ಎತ್ತಿ. ಬಯಾಪ್ಸಿ ರಿಪೋರ್ಟಿನಲ್ಲಿ ಸಿಡಿ30 (ಕೋಶದ ಮೇಲಿನ ಇನ್ನೊಂದು ಗುರುತು) ಎಷ್ಟು ಶೇಕಡಾ ಅಂತ ಬರೆದಿದೆಯಾ ನೋಡಿ. ಬರೀ "ನೋಡಿಲ್ಲ" ಅಂತ ಇದ್ದರೆ ಮಾಡಿಸಲು ಕೇಳಿ. ಸಿಡಿ30 ಇರುವ ಟಿ ಸೆಲ್ ಲಿಂಫೋಮಾಗಳಿಗೆ ಬ್ರೆಂಟಕ್ಸಿಮ್ಯಾಬ್ ಅನ್ನುವ ಔಷಧಿಯನ್ನು ಕೀಮೋ ಜೊತೆ ಸೇರಿಸಬಹುದು, ಎಷೆಲಾನ್-2 ಅನ್ನುವ 452 ರೋಗಿಗಳ ಟ್ರಯಲ್‌ನಲ್ಲಿ ಅದು ಹಳೆಯ ಚಾಪ್ ಕೀಮೋಗಿಂತ ಮೇಲು ಅಂತ ಕಂಡಿತು. ಅದರಲ್ಲಿ ನಿಮ್ಮ ತಂದೆಯ ಜಾತಿಯ ಕಾಯಿಲೆಯವರು ಕಡಿಮೆ ಇದ್ದರು, ಹಾಗಾಗಿ ಇವರಿಗೆ ಎಷ್ಟು ಲಾಭ ಅನ್ನುವುದು ಅಷ್ಟು ಸ್ಪಷ್ಟ ಇಲ್ಲ. ದುಬಾರಿಯೂ ಹೌದು. ಬೇಕಾ ಬೇಡವಾ ಅಂತ ಅವರೇ ಹೇಳಲಿ. ಇನ್ನೊಂದು, ಟಿಬಿ ಮಾತ್ರೆಯ ಕೊನೆಯ ದಿನ ಯಾವುದು ಅಂತ ತಾರೀಕು ಸಮೇತ ಹೇಳಿ. ಅದರಲ್ಲಿರುವ ರಿಫಾಂಪಿಸಿನ್ ಬೇರೆ ಔಷಧಿಗಳನ್ನು ಲಿವರ್ ಬೇಗ ಬೇಗ ಕರಗಿಸುವ ಹಾಗೆ ಮಾಡುತ್ತದೆ, ನಿಲ್ಲಿಸಿದ ಮೇಲೂ ಒಂದೆರಡು ವಾರ ಅದರ ಪ್ರಭಾವ ಉಳಿಯುತ್ತದೆ.

---

ತೋಟದಮನೆ_ಮಗಳು

ಹನ್ನೊಂದು ದಿನ ಆಯಿತು, ಉತ್ತರ ಕೊಡೋಕೆ ಆಗಲಿಲ್ಲ, ಕ್ಷಮಿಸಿ. ಎಲ್ಲರದ್ದೂ ಅಪ್ಪನಿಗೆ ಓದಿ ಹೇಳಿದೆ. ಹಲಸಿನ ಮರದ ಮಾತು ಅವರಿಗೆ ಕೂಡಲೇ ಅರ್ಥ ಆಯಿತು. "ಹಾಗಾದರೆ ಮಕ್ಕಳಿಗೆ ಇಲ್ಲ" ಅಂತ ಎರಡು ಸಲ ಹೇಳಿದರು. ಅವರಿಗೂ ಅದೇ ಹೆದರಿಕೆ ಇತ್ತು ಅಂತ ನನಗೆ ಆವಾಗಲೇ ಗೊತ್ತಾದದ್ದು. ತಟ್ಟೆ ವಿಷಯ ದೊಡ್ಡಮ್ಮನಿಗೆ ನಾನು ಹೇಳುವ ಮೊದಲೇ ಅಣ್ಣ ಹೇಳಿದ್ದ.

ಹಳೆಯ ರಕ್ತ ರಿಪೋರ್ಟ್ ತೆಗೆದು ನೋಡಿದೆ, ಗ್ಲೋಬ್ಯುಲಿನ್ ಫೆಬ್ರವರಿಯಲ್ಲೇ ಜಾಸ್ತಿ ಇತ್ತು. ಸಿಡಿ30 ಮಾಡಿಸಿದರು, 15% ಬಂತು. ಡಾಕ್ಟರ್ ಲಾಭ, ಖರ್ಚು ಎರಡೂ ಬಿಡಿಸಿ ಹೇಳಿ ಎರಡು ದಿನ ಯೋಚಿಸಿ ಅಂದರು. ಬ್ರೆಂಟಕ್ಸಿಮ್ಯಾಬ್ ಸೇರಿಸೋಣ ಅಂತ ತೀರ್ಮಾನ ಮಾಡಿದ್ದೇವೆ. ಹೆಪಟೈಟಿಸ್ ಬಿ ಟೆಸ್ಟು, ಹೃದಯದ ಎಕೋ ಆಯಿತು. ಮೊದಲ ಸೈಕಲ್ ಮೊನ್ನೆ ಗುರುವಾರ ಕೊಟ್ಟರು. ಶನಿವಾರದಿಂದ ಸಂಜೆ ಜ್ವರ ಬಂದಿಲ್ಲ, ತುರಿಕೆಯೂ ಕಡಿಮೆ. ಇದು ಕೀಮೋ ಜೊತೆ ಕೊಡುವ ಸ್ಟೀರಾಯ್ಡಿನಿಂದಲೂ ಇರಬಹುದು, ಈಗಲೇ ಖುಷಿಪಡಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಆದರೂ ಅಪ್ಪ ರಾತ್ರಿ ಪೂರ್ತಿ ಮಲಗಿದ್ದು ಎಷ್ಟೋ ತಿಂಗಳ ಮೇಲೆ.

ಮೇಡಂ, ಒಂದೇ ಒಂದು ಪ್ರಶ್ನೆ ಉಳಿದಿದೆ. ಲ್ಯಾಬಿನವರು ಬಯಾಪ್ಸಿಯ ಮೇಣದ ತುಂಡುಗಳನ್ನು ಕವರಿನಲ್ಲಿ ಹಾಕಿ ವಾಪಸ್ ಕೊಟ್ಟಿದ್ದಾರೆ. ಇದನ್ನು ಏನು ಮಾಡಬೇಕು? ಮತ್ತೆ ಕೀಮೋ ಮುಗಿದ ಮೇಲೆ ಈ ಟೆಟ್‌2 ಹೋಗುತ್ತಾ?

---

ಗಾಜಿನ_ಸ್ಲೈಡು

ತುಂಬಾ ಸಂತೋಷ ಆಯಿತು ಓದಿ.

ಟೆಟ್‌2, ಡಿಎನ್‌ಎಂಟಿ3ಎ ಬುಡದವು, ಕೀಮೋ ಮುಗಿದು ಗಂಟೆಲ್ಲ ಕರಗಿದ ಮೇಲೂ ರಕ್ತದಲ್ಲಿ ಉಳಿಯುವುದು ಸಾಮಾನ್ಯ. ಆಮೇಲೆ ಯಾರಾದರೂ ರಕ್ತದಲ್ಲಿ ಟೆಸ್ಟ್ ಮಾಡಿ ಟೆಟ್‌2 ಇನ್ನೂ ಇದೆ ಅಂದರೆ ಕಾಯಿಲೆ ಮರಳಿತು ಅಂತ ತಿಳಿಯಬೇಡಿ. ರೋಎ ಮತ್ತೆ ಕಂಡರೆ ಮಾತ್ರ ಅದರ ಅರ್ಥ ಬೇರೆ, ಕೂಡಲೇ ಡಾಕ್ಟರಿಗೆ ತೋರಿಸಿ. ಆ ಬುಡದಿಂದ ಮುಂದೆ ಬೇರೆ ರಕ್ತದ ಕಾಯಿಲೆ ಹುಟ್ಟುವ ಸಾಧ್ಯತೆ ಸ್ವಲ್ಪ ಇರುವುದರಿಂದ, ಚಿಕಿತ್ಸೆ ಮುಗಿದ ಮೇಲೂ ರಕ್ತಕಣಗಳ ಎಣಿಕೆಯನ್ನು ಆಗಾಗ ನೋಡಿಸುತ್ತಿರಬೇಕು.

ಮೇಣದ ತುಂಡುಗಳನ್ನು ಬ್ಲಾಕ್ ಅನ್ನುತ್ತೇವೆ. ಅದೇ ಕವರಿನಲ್ಲಿ, ಬಯಾಪ್ಸಿ ನಂಬರ್ ಕಾಣುವ ಹಾಗೆ, ಒಂದು ಗಟ್ಟಿ ಡಬ್ಬಿಯಲ್ಲಿ ಹಾಕಿ ತಣ್ಣಗಿನ ಒಣ ಜಾಗದಲ್ಲಿ ಇಡಿ. ಅಟ್ಟದ ಮೇಲೆ ಬೇಡ, ಒಲೆಯ ಹತ್ತಿರ ಬೇಡ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಖಂಡಿತ ಬೇಡ, ಮೇಣ ಕರಗಿದರೆ ಮುಗಿಯಿತು. ಮುಂದೆ ಎರಡನೇ ಅಭಿಪ್ರಾಯ ಬೇಕಾದರೂ, ಯಾವುದಾದರೂ ಟ್ರಯಲ್‌ಗೆ ಸೇರಿಸುವುದಾದರೂ ಮೊದಲು ಕೇಳುವುದು ಅದನ್ನೇ. ಯಾರಿಗಾದರೂ ಕೊಡುವಾಗ ಎಲ್ಲ ಬ್ಲಾಕ್ ಒಟ್ಟಿಗೆ ಕೊಡಬೇಡಿ, ಕೊಟ್ಟದ್ದಕ್ಕೆ ರಸೀದಿ ಬರೆಸಿಕೊಳ್ಳಿ.